ಗಂಗಾಧರಯ್ಯನ ಮಣ್ಣುಗುಡ್ಡೆ

ಪಾಯ ತೋಡಿದ ಮಣ್ಣನ್ನು ಗುಮಾಸ್ತ ಗಂಗಾಧರಯ್ಯ ತನ್ನ ಹೊಸ ಮನೆಯ ಸೈಟಿನ ಅಂಚಿಗೆ ಗುಡ್ಡೆ ಹಾಕಿಸಿದ್ದೇ ತಪ್ಪಾಯಿತು. ಎಪ್ಪತ್ತೊಂಬತ್ತರ ಶ್ರಾವಣದ ಒಂದೇ ಮಳೆಗೆ ಅರ್ಧ ಗುಡ್ಡೆ ಜೆ.ಪಿ. ನಗರದ ಚರಂಡಿಗಿಳಿಯಿತು. ಚರಂಡಿ ಕಟ್ಟಿಕೊಂಡು ಎದುರುಮನೆ ಶಾಮಣ್ಣನ ಅಂಗಳವೆಲ್ಲ ಕೆಂಪು ಕೆಸರು. ಬೆಳಗ್ಗೆಯೇ ಬಡಾವಣೆ ಆಫೀಸಿನಿಂದ ನೋಟೀಸು ಬಂತು: ಸಂಜೆ ಇನ್‌ಸ್ಪೆಕ್ಟರು ಬರುವಷ್ಟರಲ್ಲಿ ಮಣ್ಣು ಹೊರಗೆ ಹರಿಯದಂತೆ ಮಾಡದಿದ್ದರೆ ಕೆಲಸ ಬಂದ್!

ಮಾರನೆಯ ದಿನವೇ ಬಾಗಿಲು ನಿಲ್ಲಿಸುವ ಮುಹೂರ್ತ. ಕೋಲಾರದಿಂದ ಮಾವನವರು ಆಗಲೇ ಬಂದು ಕೂತಿದ್ದರು.

ದೂರು ಕೊಟ್ಟ ಶಾಮಣ್ಣನೇ ಉಪಾಯ ಹೇಳಲು ಬಂದ. "ಅಡ್ಡ ಬಟ್ಟೆ ಕಟ್ಟಿ ಸಾರ್, ಕಾಫಿ ಸೋಸ್ದಂಗೆ. ನೀರು ಹೋಗುತ್ತೆ, ಮಣ್ಣು ನಿಲ್ಲುತ್ತೆ."

ಗಂಗಾಧರಯ್ಯ ತ್ಯಾಗರಾಜನಗರದ ಬಾಡಿಗೆ ಮನೆಗೆ ಓಡಿ, ಹೆಂಡತಿ ಸೀತಾಲಕ್ಷ್ಮಿಯ ಕೈಲಿ ಬೈಸಿಕೊಂಡು ಎರಡು ಸೀರೆ ತಂದು ಗೂಟಕ್ಕೆ ಕಟ್ಟಿದ. ಮಧ್ಯಾಹ್ನದ ಮಳೆ ಸೀರೆ, ಗೂಟ, ಮಣ್ಣು ಮೂರನ್ನೂ ಒಟ್ಟಿಗೇ ಚರಂಡಿಗೆ ಕಳಿಸಿತು.

"ತೆಳು ಸೀರೆ ತಂದ್ಬಿಟ್ರಿ. ರೇಷ್ಮೇದು ತರ್ಬೇಕಿತ್ತು," ಎಂದು ಶಾಮಣ್ಣ ಕೊಡೆ ಬಿಚ್ಚಿಕೊಂಡು ಹೊರಟ.

ಅಷ್ಟರಲ್ಲಿ ಹಳೇ ಊರಿನ ಕೆಂಪಕ್ಕ ಬಂದಳು. ಬಡಾವಣೆ ಆಗುವ ಮೊದಲು ಅಲ್ಲೆಲ್ಲ ಅವಳ ಮನೆಯವರದೇ ಹೊಲ.

"ಅಯ್ಯೋ ಸ್ವಾಮಿ, ಸೀರೆ ಎಲ್ಲಾದ್ರೂ ಮಣ್ಣು ಹಿಡಿಯುತ್ತಾ? ಬದ ಹಾಕಿ ನಾಟಿ ಮಾಡ್ಬೇಕು. ನಮ್ಮನೇಲಿ ರಾಗಿ ಪೈರು ಮಿಕ್ಕೈತೆ, ತರ್ತೀನಿ ತಡೀರಿ!"

ಇಬ್ಬರೂ ಸೇರಿ ಚರಂಡಿಗಿಳಿದ ಮಣ್ಣನ್ನೆಲ್ಲ ಮೇಲೆತ್ತಿ, ಗುಡ್ಡೆಯನ್ನು ಹರಡಿದರು. ಸುತ್ತ ಏರಿಯಂತೆ ಬದ ಹಾಕಿ, ಅದಕ್ಕೆ ಬೇರುಮಣ್ಣು ಸಮೇತ ಕಿತ್ತ ಗರಿಕೆ ಹೆಂಟೆ ಮುಚ್ಚಿದರು. ಗಂಗಾಧರಯ್ಯ ಪಂಚೆ ಎತ್ತಿ ಕಟ್ಟಿ, ಸಾಲು ಹಿಡಿದು ಪೈರು ನೆಟ್ಟ. ನಾಲ್ಕು ಗಂಟೆಗೆ ಮತ್ತೆ ಮಳೆ ಬಂತು. ಚಿಟಿಕೆ ಮಣ್ಣೂ ಆಚೆ ಹೋಗಲಿಲ್ಲ.

ಇನ್‌ಸ್ಪೆಕ್ಟರು ಬಂದವರೇ ಚರಂಡಿಗೆ ಬಗ್ಗಿ ನೋಡಿದರು. "ವೆರಿ ಗುಡ್!"

ಗಂಗಾಧರಯ್ಯನಿಗೆ ಹೋದ ಜೀವ ಬಂದಂತಾಯಿತು. ಇನ್‌ಸ್ಪೆಕ್ಟರು ತಲೆ ಎತ್ತಿದರು.

"ಇದೇನ್ರೀ ಹಸಿರು?"

"ರಾಗಿ ಸಾರ್."

"ಮನೆ ಕಟ್ಟೋಕೆ ಸೈಟ್ ಕೊಟ್ರೆ ಬೇಸಾಯ ಮಾಡ್ತಿದ್ದೀರಾ? ಯಾರದಮ್ಮಾ ಈ ಪೈರು?"

"ನಮ್ದೇ ಸ್ವಾಮಿ," ಎಂದಳು ಕೆಂಪಕ್ಕ ಹೆಮ್ಮೆಯಿಂದ. "ತಾತನ ಕಾಲ್ದಿಂದ್ಲೂ ಇಲ್ಲಿ ಬೆಳೀತಿರೋರು ನಾವೇ."

ಇನ್‌ಸ್ಪೆಕ್ಟರು ಅಲ್ಲೇ ನಿಂತು ಬರೆದರು: ಮಂಜೂರಾದ ಸೈಟಿನಲ್ಲಿ ಸಾಗುವಳಿ, ವಿಚಾರಣೆ ಮುಗಿಯುವವರೆಗೆ ಕೆಲಸ ಬಂದ್.

ಗಂಗಾಧರಯ್ಯ ಅಲ್ಲೇ ಕುಸಿದು ಕೂತ. ಕೆಂಪಕ್ಕನ ಕರುಳು ಚುರುಕ್ಕೆಂದಿತು.

"ಅಳ್ಬೇಡಿ ಸ್ವಾಮಿ. ಕಾರ್ತೀಕ ಕಳೀಲಿ, ಕೊಯ್ಲಾಗ್ಲಿ, ನಿಮ್ಗೂ ಅರ್ಧ ಮೂಟೆ ಕಳಿಸ್ತೀನಿ. ಈಗ ಒಸಿ ಆಚೆ ಹೋಗಿ ಕೂತ್ಕೊಳ್ಳಿ. ಪೈರು ನಲುಗೋಯ್ತದೆ."