ಸೇತುವೆ ಬೇಡವೆಂದು ಅತಿ ಚೆನ್ನಾಗಿ ಹೇಳಿದ್ದರ ಕುರಿತು

ನೆರೆದಿರುವ ಮಹಾಜನರೇ! ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನ ಗದ್ದಲಗಾರರೇ, ಕಂಬಕ್ಕೊರಗಿ ಆಕಳಿಸುತ್ತಿರುವ ಭಾವನವರೇ! ಕಿವಿಗಳನ್ನು ಇತ್ತ ಕೊಡಿ. ಪತ್ರ ಅಧಿಕಾರಿಗಳಿಗೆ, ಸಾಕ್ಷಿಗಳು ನೀವು.

ಮಾನ್ಯರೇ,

ಭೂ ಯೋಜನೆ ಮತ್ತು ಗ್ರಾಮಾಭಿವೃದ್ಧಿ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ, ಒಂದು ಕಾಲು ಕುಂಟಾದ ಕುರ್ಚಿಯ ಕೆಳಗೆ ಹಳೆಯ ಕಡತವೊಂದನ್ನು ತುರುಕಿ, ಅದರ ಮೇಲೆ ಚಕ್ರವರ್ತಿಯಂತೆ ವಿರಾಜಮಾನರಾಗಿರುವ ಯೋಜನಾಧಿಕಾರಿಗಳಾದ ತಮಗೆ ನನ್ನ ನೂರೆಂಟು ವಂದನೆಗಳು. ತಾವು ಕ್ಷೇಮವಾಗಿರುವುದನ್ನು ಕಿಟಕಿಯಿಂದ ನೋಡಿ ತಿಳಿದಿದ್ದೇನೆ. ನಾನು ಕ್ಷೇಮವಾಗಿಲ್ಲ, ಅದಕ್ಕೆ ಕಾರಣ ತಾವೇ.

ನಮ್ಮ ಊರಿಗೂ ಆಚೆ ದಡದ ಶಾಲೆಗೂ ನಡುವೆ ಒಂದು ಹೊಳೆ ಹರಿಯುತ್ತದೆಂಬುದು ತಮಗೆ ಗೊತ್ತಿರುವ ವಿಷಯ. ನನ್ನ ಹೆಂಡತಿ ದರ್ಜಿ. ಆ ಶಾಲೆಯ ಅಂಗಿ ಚಡ್ಡಿಗಳೆಲ್ಲ ಅವಳ ಹೊಲಿಗೆಯವು. ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊತ್ತು, ನೀರಿನಲ್ಲಿ ಸಾಲಾಗಿಟ್ಟ ಕಲ್ಲುಗಳ ಮೇಲೆ ಹೆಜ್ಜೆಯಿಡುತ್ತ ದಾಟುವುದು ಅವಳ ನಿತ್ಯದ ಸರ್ಕಸ್ಸು. ಎರಡು ಸಲ ಗಂಟು ನೀರಿಗೆ ಬಿದ್ದಿದೆ, ಒಂದು ಸಲ ಗಂಟಿನ ಜೊತೆ ಅವಳೂ. ಇಂಥ ನಮಗೆ ತಾವು ದೊಡ್ಡ ಮನಸ್ಸು ಮಾಡಿ ಒಂದು ಕಾಲ್ಸೇತುವೆಯ ಯೋಜನೆ ಹಾಕಿದಿರಿ. ಊರಿಗೆ ಊರೇ ಕುಣಿಯಿತು. ಎಡವಟ್ಟಾದದ್ದೇ ಅಲ್ಲಿ: ಒಬ್ಬನೂ ವಿರೋಧಿಸಲಿಲ್ಲ.

ತಮ್ಮ ಗುಮಾಸ್ತರು ಬೆವರೊರೆಸಿಕೊಳ್ಳುತ್ತ ಊರಿಗೆ ಬಂದು, "ಅಹವಾಲು ಸಭೇಲಿ ಒಂದಾದ್ರೂ ಆಕ್ಷೇಪಣೆ ಬರ್ಬೇಕು ಸ್ವಾಮಿ, ಅದನ್ನ ಸಾಹೇಬ್ರು ತಳ್ಳಿಹಾಕ್ಬೇಕು. ತಳ್ಳೋಕೆ ಏನೂ ಇಲ್ದಿದ್ರೆ ಕಡತ ಮುಂದಕ್ಕೆ ಹೋಗೋದು ಹೇಗೆ?" ಎಂದು ಗೋಳಾಡಿದಾಗ, ಊರಿನ ಕಣ್ಣುಗಳೆಲ್ಲ ಒಟ್ಟಿಗೆ ನನ್ನ ಮೇಲೆ ಬಿದ್ದವು. ದುಷ್ಟ ಮಂತ್ರಿಯಾಗಿ, ಕುಟಿಲ ಸೋದರಮಾವನಾಗಿ, ಔಷಧದಲ್ಲಿ ವಿಷ ಬೆರೆಸುವ ವೈದ್ಯನಾಗಿ ಅರ್ಧ ಆಯುಷ್ಯವನ್ನು ರಂಗದ ಮೇಲೆ ಸವೆಸಿ, ಪ್ರೇಕ್ಷಕರಿಂದ ಚಪ್ಪಲಿಯ ರೂಪದಲ್ಲಿ ಪ್ರಶಸ್ತಿಗಳನ್ನು ಸ್ವೀಕರಿಸಿದವನು ನಾನೊಬ್ಬನೇ ತಾನೆ? ನನ್ನ ಹೆಂಡತಿಯೇ, "ಹೋಗಿ, ಸೇತುವೆ ಬೇಡ ಅಂತ ಎರಡು ಮಾತು ಹೇಳಿ ಬನ್ನಿ. ಒಂದು ದಿನವಾದ್ರೂ ನಿಮ್ಮ ಬಾಯಿಂದ ಊರಿಗೆ ಉಪಕಾರ ಆಗ್ಲಿ" ಎಂದಳು.

ಎರಡು ಮಾತು! ಆನೆಯನ್ನು ಕಬ್ಬಿನ ಗದ್ದೆಗೆ ಬಿಟ್ಟು ಎರಡೇ ಎಲೆ ತಿಂದು ಬಾ ಎಂದಂತಾಯಿತು.

ಅಂದು ತಮ್ಮ ಸಭಾಂಗಣದಲ್ಲಿ ಮುರಿದ ಫ್ಯಾನಿನ ಕೆಳಗೆ ನಿಂತು ನಾನು ಬಾಯಿ ತೆರೆದೆ. "ಹೇ ಸೇತುವೆಯೇ! ಎರಡು ದಡಗಳ ನಡುವೆ ಒಲವು ಉಳಿದಿರುವುದೇ ಅಗಲಿಕೆಯಿಂದ. ಮುಟ್ಟಲಾರದೆ ಮುಟ್ಟಲಾರದೆ ಯುಗಯುಗಗಳಿಂದ ಒಂದನ್ನೊಂದು ನೋಡುತ್ತ ನಿಂತಿರುವ ಈ ಪ್ರೇಮಿಗಳ ನಡುವೆ ಕಾಂಕ್ರೀಟಿನ ಕೈ ಚಾಚಲು ನೀನಾರು?" ಎಂದು ಕೇಳಿದೆ. ಸೇತುವೆಯ ನೆರಳಿನಲ್ಲಿ ಹುಟ್ಟಿ, ನಕ್ಷತ್ರವನ್ನೇ ಕಾಣದೆ ಸಾಯಲಿರುವ ಕಪ್ಪೆಮರಿಯೊಂದರ ಪರವಾಗಿಯೂ ಮಂಡಿಯೂರಿ ವಾದಿಸಿದೆ. ಗುಮಾಸ್ತರು ಬಿಕ್ಕಿದರು. ತಾವು ಕನ್ನಡಕ ತೆಗೆದಿರಿ. ಮಾನ್ಯರೇ, ಸತ್ಯ ಹೇಳುತ್ತೇನೆ, ನನ್ನ ಜೀವಮಾನದಲ್ಲಿ ತಮ್ಮಂಥ ಪ್ರೇಕ್ಷಕರು ಸಿಕ್ಕಿರಲಿಲ್ಲ. ಆದರೆ ನಾಟಕ ನೋಡಿ ಅಳುವುದು ಸಹೃದಯತೆ. ಅತ್ತು ಮುಗಿಸಿ ಸರ್ಕಾರಿ ಆದೇಶ ಹೊರಡಿಸುವುದು ಯಾವ ಕಾಯಿಲೆ?

"ಎರಡೂ ದಡಗಳ ಭಾವನೆಗಳನ್ನು ಪರಿಗಣಿಸಿ ಯೋಜನೆಯನ್ನು ಕೈಬಿಡಲಾಗಿದೆ" ಎಂದು ತಾವು ಬರೆದಿರಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆವು. ತಾವು ಹೊಳೆಯನ್ನು 'ವಿರಹ ಸಂರಕ್ಷಣಾ ವಲಯ'ವೆಂದು ಘೋಷಿಸಿದಿರಿ, ಫಲಕ ನೆಟ್ಟಿರಿ, ಪ್ರೇಮಿಗಳ ಏಕಾಂತಕ್ಕೆ ಭಂಗ ತರುತ್ತವೆಂದು ನೀರಿನಲ್ಲಿದ್ದ ಆ ದಾಟುಗಲ್ಲುಗಳನ್ನೂ ಒತ್ತುವರಿ ಎಂದು ಕೀಳಿಸಿದಿರಿ. ಕಪ್ಪೆಮರಿಗೆ ಸಲ್ಲಬೇಕಾದ ಪರಿಹಾರವನ್ನು ಯಾರ ಹೆಸರಿಗೆ ಕಳಿಸಬೇಕೆಂದು ನನ್ನನ್ನೇ ಕೇಳಿ ಪತ್ರ ಬರೆದಿರಿ.

ಈಗ ಊರಿನಲ್ಲಿ ನನ್ನ ಪರಿಸ್ಥಿತಿ ಹೇಗಿದೆಯೆಂದರೆ, ಕ್ಷೌರಿಕನು ನನ್ನ ಮೀಸೆಯ ಅರ್ಧ ಭಾಗವನ್ನಷ್ಟೇ ಬೋಳಿಸಿ, "ಇನ್ನರ್ಧ ಆಚೆ ದಡ ಅಂತ ತಿಳ್ಕೊಳಿ ಅಣ್ಣಾ. ನಡುವೆ ಒಲವು ಬೆಳೀಲಿ" ಎಂದು ಕತ್ತಿ ಕೆಳಗಿಟ್ಟನು. ಹೆಂಡತಿಯು ಗಂಟು ಹೊತ್ತು ಮೇಲಿನ ಹಳೇ ಅಣೆಕಟ್ಟಿನವರೆಗೆ ನಡೆದು, ಅದರ ಮೇಲೆ ಹೊಳೆ ದಾಟಿ, ಸುತ್ತಿ ಬಂದು, ಊದಿದ ಪಾದಗಳನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಕೂತು, ನನ್ನೊಡನೆ ಮಾತನಾಡುವುದಿಲ್ಲ. ಹೊಲಿಗೆ ಯಂತ್ರದೊಡನೆ ಮಾತನಾಡುತ್ತಾಳೆ. "ಕೇಳಿದ್ಯೇನೇ, ಶಾಲೆಯೋರು ಮುಂದಿನ ವರ್ಷದ ಬಟ್ಟೆ ಆ ದಡದ ದರ್ಜಿಗೇ ಕೊಡ್ತಾರಂತೆ. ನಿನ್ನನ್ನ ಮಾರಿ ಕಪ್ಪೆ ಸಾಕೋಣ" ಎನ್ನುತ್ತಾಳೆ. ಅವಳು ಬೈದಿದ್ದರೆ ಬದುಕುತ್ತಿದ್ದೆ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ, ಒಂದೋ ಶಾಲೆಯನ್ನು ಮಕ್ಕಳ ಸಮೇತ ಎತ್ತಿ ಈಚೆ ದಡಕ್ಕೆ ಇಡತಕ್ಕದ್ದು, ಇಲ್ಲವೇ ತಮ್ಮ ನಕ್ಷೆಯಿಂದ ಹೊಳೆಯನ್ನು ರಬ್ಬರಿನಲ್ಲಿ ಅಳಿಸಿ ಅದರ ಪ್ರತಿಯನ್ನು ಹೊಳೆಗೂ ತಲುಪಿಸತಕ್ಕದ್ದು, ಅದೂ ಆಗದಿದ್ದರೆ ಸೊಂಟಮಟ್ಟದ ನೀರಿನಲ್ಲಿ ಬಟ್ಟೆಯ ಗಂಟು ದಾಟಿಸಲು ಎತ್ತರದ ಅಧಿಕಾರಿಯೊಬ್ಬರನ್ನು ನೇಮಿಸತಕ್ಕದ್ದು; ತಮ್ಮ ಎತ್ತರ ಸಾಕಾಗುತ್ತದೆಂದು ನನ್ನ ಅಂದಾಜು.

ಆಕ್ಷೇಪಣೆಯನ್ನು ಹಿಂಪಡೆಯುತ್ತೇನೆಂದು ಕಚೇರಿಗೆ ಬಂದ ನನಗೆ ಗುಮಾಸ್ತರು, "ಅದು ಈಗ ನಿಮ್ದಲ್ಲ ಸ್ವಾಮಿ, ಸರ್ಕಾರದ್ದು" ಎಂದರು. ಆದರೂ ಊರಿನವರ ಕಾಟ ತಾಳಲಾರದೆ ತಾವು ಸೇತುವೆಯ ಯೋಜನೆಯನ್ನು ನಾಳೆ ಮತ್ತೆ ಸಭೆಗೆ ತರುತ್ತಿರುವುದು ಸಂತೋಷ. ಹಿಂದಿನ ಆಕ್ಷೇಪಕನೇ ಹಾಜರಾಗಿ ಮತ್ತೆ ಆಕ್ಷೇಪಿಸತಕ್ಕದ್ದು ಎಂಬ ತಮ್ಮ ನಿಯಮವನ್ನು ಓದಿ, ಹೆಂಡತಿ ಯಂತ್ರವನ್ನು ಬಿಟ್ಟು, ಬಹಳ ದಿನಗಳ ಮೇಲೆ ನೇರವಾಗಿ ನನ್ನ ಮುಖ ನೋಡಿದಳು. "ಚೆನ್ನಾಗಿ ಮಾಡಿದ್ರೆ ಮನೆಗೆ ಬರ್ಬೇಡಿ" ಎಂದಳು.

ಮಾನ್ಯರೇ, ಇದೋ ಘೋಷಿಸುತ್ತೇನೆ. ನಾಳೆ ಬೆಳಿಗ್ಗೆ ತಮ್ಮ ಸಭಾಂಗಣದಲ್ಲಿ, ಎರಡೂ ಕೈ ಜೇಬಿನಲ್ಲಿಟ್ಟು, ಗೋಡೆಯ ಕಡೆ ಮುಖ ಮಾಡಿ, ಮೂಗಿನಲ್ಲಿ ಗೊಣಗುತ್ತ, ಅರ್ಧ ವಾಕ್ಯ ಮರೆತು, ಮಧ್ಯೆ ಸೀನಿ, ನನ್ನ ಜೀವಮಾನದಲ್ಲಿ ಮೊತ್ತಮೊದಲ ಬಾರಿಗೆ ನಾನು ಕೆಟ್ಟದಾಗಿ ಅಭಿನಯಿಸಲಿದ್ದೇನೆ. ಕಲಾವಿದನೊಬ್ಬ ಹೆಂಡತಿಗಾಗಿ ಮಾಡಬಹುದಾದ ತ್ಯಾಗ ಇದಕ್ಕಿಂತ ದೊಡ್ಡದಿಲ್ಲ. ದಯವಿಟ್ಟು ತಳ್ಳಿಹಾಕಿ.

ತಮ್ಮ ವಿಶ್ವಾಸಿ,
ಹೊಳೆಯಾಚೆಗೂ ಕೇಳಿಸುವ ಗಂಟಲಿನವನು

ತಾ.ಕ.: ಅಂದು ತಾವು ಕಣ್ಣು ಒರೆಸಿಕೊಂಡು, ಆಮೇಲೆ ಮೂಗನ್ನೂ ಒರೆಸಿಕೊಂಡ ಆ ದೊಡ್ಡ ಕಾಗದ ಸೇತುವೆಯ ನಕ್ಷೆಯಾಗಿತ್ತು. ಒಣಗಿದ್ದರೆ ನಾಳೆ ತರುವುದು.