ಮಾವ ಕೇಳುವ ಹತ್ತನೇ ಪ್ರಶ್ನೆ

ಕಡೂರು, ತರೀಕೆರೆ, ಅಜ್ಜಂಪುರ, ಎಲ್ಲೇ ಆಗಲಿ ನನ್ನ ಸೋದರಮಾವನನ್ನು ಕಂಡರೆ ಜನ ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ಅವರೇನೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಪರೀಕ್ಷೆ ಮಾಡುತ್ತಾರೆ ಅಷ್ಟೆ! ಅದೂ ಒಂದೇ ಒಂದು ರಷ್ಯನ್ ಕಥೆಯ ಮೇಲೆ. ರಷ್ಯಾ ಹಾಗಿರಲಿ, ಬೀರೂರು ಜಂಕ್ಷನ್ನಿನಲ್ಲಿ ರೈಲು ಹತ್ತಿ ಹುಬ್ಬಳ್ಳಿ ದಾಟಿದವರಲ್ಲ ಈ ಮನುಷ್ಯ.

ಕಥೆ ಇಷ್ಟೇ. ಒಬ್ಬ ಮುದುಕಿ ಜೇನಿನ ಕುಡಿಕೆ ಹೊತ್ತು ಹಿಮದಲ್ಲಿ ಮೂರು ದಿನ ನಡೆದು, ಗಾಯಗೊಂಡ ಮಗನನ್ನು ನೋಡಲು ಆಸ್ಪತ್ರೆಗೆ ಬರುತ್ತಾಳೆ. ಬಾಗಿಲು ತಟ್ಟುತ್ತಾಳೆ. ಅಲ್ಲಿಂದ ಮುಂದಕ್ಕೆ ಮಾವನ ಪುಸ್ತಕದಲ್ಲಿ ಹಾಳೆಯೇ ಇಲ್ಲ! ಆರು ವರ್ಷದ ಹಿಂದೆ ಲಕ್ವ ಹೊಡೆದು ಹಾಸಿಗೆ ಹಿಡಿದ ಅತ್ತೆಗೆ ಇದನ್ನು ಓದಿ ಹೇಳಿದಾಗ ಅವರು "ಆಮೇಲೆ?" ಎಂದರಂತೆ. "ಹಾಳೆ ಹರಿದೋಗಿದೆ ಕಣೇ, ತಿಳಿದೋರನ್ನ ಕೇಳ್ಕೊಂಡ್ ಬತ್ತೀನಿ" ಎಂದು ಹೊರಟ ಮಾವ ಇವತ್ತಿಗೂ ಕೇಳುತ್ತಲೇ ಇದ್ದಾರೆ.

ಕಥೆಯನ್ನು ಮೊದಲು ಅವರೇ ಹೇಳುತ್ತಾರೆ. ಆಮೇಲೆ ಹತ್ತು ಪ್ರಶ್ನೆ. ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರೊಬ್ಬ ಸಿಕ್ಕಿಬಿದ್ದ. "ಕುಡಿಕೆ ಬಾಯಿಗೆ ಏನ್ ಕಟ್ಟಿದ್ಲು?" ಎಂಬಂಥ ಒಂಬತ್ತು ಮುಗಿದು ಹತ್ತನೆಯದು ಬಂತು: "ಬಾಗ್ಲು ತೆಗೀತು. ಒಳಗೆ ಏನ್ ಕಾಣ್ತು?"

ಕಂಡಕ್ಟರ್ ಸೀಟಿಯನ್ನು ಬಾಯಿಂದ ತೆಗೆದ. "ಮಗ ಡಿಸ್ಚಾರ್ಜ್ ಆಗಿ ಇನ್ನೊಂದ್ ಬಸ್ಸಲ್ಲಿ ಊರಿಗೆ ಹೋಗಿರ್ತಾನೆ ಬಿಡಿ ಸಾರ್!"

ಹತ್ತಕ್ಕೆ ಎಂಟು ಕೊಟ್ಟರು!

ಅಜ್ಜಂಪುರದಲ್ಲಿ ನಮ್ಮ ನೆಂಟರ ಹುಡುಗಿಯೊಬ್ಬಳ ನಿಶ್ಚಿತಾರ್ಥ. ಮಾವ ಗಂಡನ್ನೇ ಪರೀಕ್ಷೆಗೆ ಕೂರಿಸಿದರು. "ನಾವು ಜಾತಕ ತಂದಿದೀವಿ ಸ್ವಾಮಿ, ಜೇನು ತಂದಿಲ್ಲ" ಎಂದು ಬೀಗರು ಸಿಡುಕಿದರು. ಎಮ್ಮೆದೊಡ್ಡಿ ಕಾವಲಿನಲ್ಲಿ ದನ ಮೇಯಿಸುವವನಂತೂ ಮಾವನನ್ನೇ ಗದರಿದ: "ಮೊದ್ಲು ಆ ಅಜ್ಜಿ ಕಾಲಿಗೆ ಬಿಸ್ನೀರ್ ಹುಯ್ರಿ. ಮಗನ ವಿಚಾರ ಆಮೇಲೆ!" ಅವನಿಗೆ ಒಂಬತ್ತು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನನಗೆ? ಎರಡು. ಪ್ರತಿ ಸಂಜೆ ಆ ದಿನದ ಉತ್ತರವನ್ನು ಅತ್ತೆಗೆ ಒಪ್ಪಿಸುತ್ತಿದ್ದರು. ಒಂದೇ ಒಂದು ಉತ್ತರಕ್ಕಾಗಿ ಆರು ವರ್ಷ ಊರೂರು ತಿರುಗುವವರನ್ನು ಕಂಡು ಬೆರಗಾಗದೆ ಇನ್ನೇನು ಮಾಡಲಿ?

ಮೊನ್ನೆ ಹಳೇ ಪುಸ್ತಕದ ರಾಶಿಯಲ್ಲಿ ಆ ಪುಸ್ತಕದ ಇನ್ನೊಂದು ಪ್ರತಿ ಸಿಕ್ಕಿತು. ಕೊನೆಯ ಹಾಳೆಯ ಸಮೇತ! ಮಗ ಹಿಂದಿನ ದಿನವೇ ಸತ್ತಿದ್ದ. ನಾನು ಪಾಸಾಗುವ ಉತ್ಸಾಹದಲ್ಲಿ ಕಡೂರಿಗೆ, ಮಾವನ ಮನೆಗೆ ಓಡಿದೆ. "ಮಾವ, ಹತ್ತನೇದಕ್ಕೆ ಸರಿಯಾದ ಉತ್ತರ ಸಿಕ್ತು!"

"ಏನಂತೋ? ಮಗ ಸಿಕ್ಕಿದ್ನಂತಾ?" ಹಾಸಿಗೆಯಿಂದಲೇ ಅತ್ತೆ ಕೇಳಿದರು.

ಮಾವನ ಮುಖ ನೋಡಿದೆ. ಅಷ್ಟು ಹೆದರಿದ್ದನ್ನು ನಾನೆಂದೂ ಕಂಡಿರಲಿಲ್ಲ. ಅವರಿಗೆ ಉತ್ತರ ಮೊದಲಿಂದಲೂ ಗೊತ್ತಿತ್ತು! ಹಾಳೆ ಹರಿದವರೂ ಅವರೇ.

"ಸಿಕ್ಕಿದ ಅತ್ತೆ," ಎಂದೆ. "ಎದ್ದು ಕೂತಿದ್ನಂತೆ. ಇಷ್ಟೇನಾ ಜೇನು ಅಂತ ಜಗಳಕ್ಕೇ ಬಂದ್ನಂತೆ."

ಅತ್ತೆ ನಕ್ಕರು. ಮಾವ ಕಾಫಿ ಮಾಡುತ್ತೇನೆಂದು ಸರಸರನೆ ಒಳಗೆ ಹೋದರು. ಆಗ ಅತ್ತೆ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು: "ಮಗ ಸತ್ತೋಗಿರ್ತಾನೆ ಕಣೋ. ಹೈಸ್ಕೂಲಲ್ಲೇ ಓದಿದ್ದೆ. ನಿಮ್ಮ ಮಾವಂಗೆ ಹೇಳ್ಬೇಡ. ನಾನು ಬಿದ್ಕೊಂಡ್ ಮೇಲೆ ಅವರು ಹೊಸ್ಲು ದಾಟ್ತಿರ್ಲಿಲ್ಲ. ಈ ನೆಪಕ್ಕಾದ್ರೂ ನಾಲ್ಕು ಜನರ ಮುಖ ನೋಡ್ಕೊಂಡ್ ಬತ್ತಾರೆ."

ಅತ್ತೆ ಅಡುಗೆಮನೆಯ ಕಡೆ ತಿರುಗಿ ಜೋರಾಗಿ ಕೂಗಿದರು:

"ರೀ, ಇವನು ಹೇಳಿದ್ದು ನಂಬೋ ಹಂಗಿಲ್ಲ ಕಣ್ರೀ. ನಾಳೆ ಬೀರೂರಲ್ಲಿ ಯಾರನ್ನಾದ್ರೂ ಕೇಳ್ಕೊಂಡ್ ಬನ್ನಿ!"