ನಮ್ಮ ಮಾವನ ನಗುವಿಗೆ ಇಂಗ್ಲಿಷ್ ಹೆಸರು

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಸೇರಿಸಿದ್ದು ಎಂದು ಕೇಳಬೇಡಿ. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಅನುಮಾನಿಸಲು ಕಲಿಸಿದರು. ಈಗ ನನ್ನ ನೆನಪನ್ನೇ ನಂಬಲಾರೆ. ಆದರೂ ಹೇಳುತ್ತೇನೆ: ವಕ್ಕಲೇರಿಯ ನಮ್ಮ ಸೋದರಮಾವ ನಕ್ಕರೆ, ಟೇಕಲ್ ಸ್ಟೇಷನ್ನಿನಲ್ಲಿ ನಿಂತ ರೈಲು ಗಾರ್ಡು ಕೂಗಿದನೆಂದು ಹೊರಟುಬಿಡುತ್ತಿತ್ತು!

ಆ ನಗುವಿಗೆ ಕಾರಣವೇ ಬೇಕಿರಲಿಲ್ಲ. ಸಾವಿನ ಮನೆಗೆ ಹೋದರೆ ಪಾಪ, ಯಾರ ಮುಖವನ್ನೂ ನೋಡದೆ ಗೋಡೆ ನೋಡುತ್ತ ಕೂರುತ್ತಿದ್ದರು. ಒಮ್ಮೆ ಆ ಗೋಡೆಯಿಂದ ಹಲ್ಲಿ ಜಾರಿ ಬಿತ್ತು. ತಿಥಿಗೆ ಅವರನ್ನು ಕರೆಯಲಿಲ್ಲ.

ಊರ ತುಂಬ ಕರಾವಿನ ಮನೆಗಳು. ಮಾವ ನಕ್ಕರೆ ಪಕ್ಕದ ಹಸುಗಳು ಬೆದರಿ ಹಾಲು ಏರಿಸಿಕೊಳ್ಳುತ್ತಿದ್ದವು.

"ಹಾಲು ಕರೆಯೋ ಹೊತ್ನಾಗಾದ್ರೂ ಬಾಯಿ ಮುಚ್ಕೋ ಮಾರಾಯ!" ಎಂದು ಬೇಲಿಯಾಚೆಯಿಂದ ಕೂಗು.

"ನಿನ್ ಹಸುಗೂ ನಗೋದು ಕಲಿಸ್ಲಾ, ತಾನಾಗೇ ಇಳಿಸ್ತದೆ!"

ಮಾವನ ಹಸುವೋ ಅವರಿಗೆ ತಕ್ಕದ್ದು. ಮಾವ ಅದರ ಪಕ್ಕೆಗೆ ತಲೆ ಆನಿಸಿ ಒಮ್ಮೆ ಗಹಗಹಿಸದ ಹೊರತು ತೊಟ್ಟು ಹಾಲೂ ಇಳಿಸದು.

ನಾನು ಇಂಗ್ಲಿಷ್ ಎಂ.ಎ. ಮುಗಿಸಿ ಹೋದಾಗ ಕೇಳಿದರು, "ಲೇ, ಅಷ್ಟು ಓದಿದ್ದೀಯ, ನನ್ ನಗುಗೆ ಇಂಗ್ಲಿಷ್ನಾಗೆ ಏನಂತಾರೆ?"

"ಗಫ್ಫಾ ಅಂತಾರೆ ಮಾವ."

"ಎಲ್ಲಿಂದ ಬಂತೋ ಆ ಪದ?"

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಎಂ.ಎ. ಮಾಡಿದವನು ಹಾಗೆಲ್ಲ ಅನ್ನುವುದುಂಟೇ? "ಸ್ಕಾಟ್ಲೆಂಡಿಂದ. ಅಲ್ಲಿ ಕುರಿ ಕಾಯೋನೊಬ್ಬ ನಿಮ್ ಥರಾನೇ ನಗ್ತಿದ್ದ. ಆ ಸದ್ದನ್ನೇ ಬರ್ಕೊಂಡ್ರು," ಎಂದು ಬಿಟ್ಟೆ.

ಮಾವ ಅದನ್ನು ಊರೆಲ್ಲ ಸಾರಿದರು. ಮುಳಬಾಗಿಲಿನ ತೆಲುಗು ಮನೆಯಿಂದ ಬಂದ ಅತ್ತೆ ಕೈ ಮುಗಿದು, "ಅಕ್ಕಡೇ ಪೋಯಿ ನವ್ವುಕೋ ಸಾಮಿ!" ಎಂದರು. ಅಲ್ಲಿಗೇ ಹೋಗಿ ನಕ್ಕೋ ಎಂದರ್ಥ.

ಹೋದ ವರ್ಷ ಮಾವನ ಗಂಟಲಲ್ಲಿ ಗಂಟು ಕಾಣಿಸಿತು. ಕೋಲಾರದಲ್ಲಿ ಆಪರೇಷನ್. ಜೀವ ಉಳಿಯಿತು, ದನಿ ಹೋಯಿತು. ಮಾವ ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗಿದರು. ಗೋಡೆಯ ಮೇಲೆ ಹಲ್ಲಿಯೂ ಇತ್ತು, ನಗಲಿಲ್ಲ. ಕೊಟ್ಟಿಗೆಯಲ್ಲಿ ಹಸು ಅತ್ತೆಗೆ ಹಾಲು ಇಳಿಸಲೊಲ್ಲದು, ಕೆಚ್ಚಲು ಕಲ್ಲಾಗುತ್ತಿತ್ತು.

"ಹಿಂಗಾದ್ರೆ ಅದನ್ನ ಮಾರೋದೇ. ಅದೂ ಹೋದ್ರೆ ಇವ್ರು ಎದ್ದೇ ಕೂರಲ್ಲ," ಎಂದ ಅತ್ತೆ, ನೋಡಲು ಮಾಲೂರಿಂದ ಹೋಗಿದ್ದ ನನ್ನತ್ತ ತಿರುಗಿ, "ನೀನೇ ನಗೋ, ಓದಿದೋನು!" ಎಂದರು.

ಕೆಚ್ಚಲ ಬಳಿ ಕುಕ್ಕರುಗಾಲಲ್ಲಿ ಕೂತು ಗಫ್ಫಾ ಎಂದೆ, ಶುದ್ಧ ಉಚ್ಚಾರದಲ್ಲಿ. ಹಸು ಪರೀಕ್ಷಕರಂತೆ ತಿರುಗಿ ನೋಡಿ ಒದೆಯಿತು. ಬಕೀಟು ಒಂದು ಕಡೆ, ಸೆಗಣಿಯಲ್ಲಿ ನಾನೊಂದು ಕಡೆ!

ತಲೆಯೆತ್ತಿದರೆ ಬಾಗಿಲಲ್ಲಿ ಮಾವ. ಸದ್ದಿಲ್ಲ, ಮೈಯೆಲ್ಲ ಕುಲುಕುತ್ತಿದೆ, ಕಣ್ಣಲ್ಲಿ ನೀರು. ಕುಲುಕುತ್ತಲೇ ಬಂದು ಕೂತು, ಹಸುವಿನ ಪಕ್ಕೆಗೆ ತಲೆ ಆನಿಸಿದರು. ಸ್ವಲ್ಪ ಹೊತ್ತಿಗೆ ಬಕೀಟಿನಲ್ಲಿ ಸರ್ ಸರ್ ಎಂದಿತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಹಸು ಒದೆಯಿತೋ, ನಾನೇ ಜಾರಿದೆನೋ, ಈಗ ಖಚಿತವಿಲ್ಲ. ಗಫ್ಫಾ ಒಂದನ್ನು ಮಾತ್ರ ಮಾಲೂರಿಗೆ ಮರಳಿದ ಮೇಲೆ ನಿಘಂಟು ತೆಗೆದು ನೋಡಿದೆ. ಕುರಿ ಕಾಯುವವನು ಅಲ್ಲಿರಲಿಲ್ಲ. ಆದರೆ ಪದ ಸ್ಕಾಟ್ಲೆಂಡಿನದೇ, ನಗುವ ಸದ್ದಿನಿಂದಲೇ ಹುಟ್ಟಿದ್ದು! ತಕ್ಷಣ ಮಾವನಿಗೆ ಫೋನು ಮಾಡಿ ಹೇಳಿದೆ. ಆ ಕಡೆ ಏನೂ ಕೇಳಿಸಲಿಲ್ಲ. ಲೈನು ಕಟ್ಟಾಯಿತೆಂದುಕೊಂಡೆ.

ಅತ್ತೆ ಫೋನು ತೆಗೆದುಕೊಂಡು, "ನಗ್ತಾ ಅವ್ರೆ ಕಣೋ," ಎಂದರು.